ಸದ್ದಿನ ದೂರು ಮತ್ತು ಮೂರನೆಯ ಮಹಡಿಯ ನಾಯಿ

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಎಂದರೆ ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು), ಡಿಜಿಯ (ಜನರೇಟರಿನ) ಡೀಸೆಲ್, ಸಂಪಿನ ನೀರು, ಮೇಂಟೆನೆನ್ಸ್ ವಸೂಲಿ ಇಷ್ಟನ್ನು ನೋಡಿಕೊಳ್ಳುವವನು ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನ ಸಮಯದ ದೊಡ್ಡ ಪಾಲು ಹೋಗುವುದು ಸದ್ದಿನ ದೂರುಗಳಿಗೆ. ಸೋರುವ ಪೈಪನ್ನು ಕೈಯಿಟ್ಟು ತೋರಿಸಬಹುದು, ಉರಿಯದ ದೀಪವನ್ನು ತೋರಿಸಬಹುದು. ಸದ್ದು ಮಾತ್ರ ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನಿಂತುಹೋಗಿರುತ್ತದೆ, ಉಳಿದಿರುವುದು ಅದನ್ನು ಕೇಳಿದವರ ಸಿಟ್ಟು. ಆ ಸಿಟ್ಟನ್ನೇ ಪುರಾವೆ ಎಂದು ನಂಬಿ ನಾನು ಬರೆದ ಒಂದು ನೋಟಿಸ್ ಈಗಲೂ ನನ್ನನ್ನು ಚುಚ್ಚುತ್ತದೆ.

ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ನಾಲ್ಕು ಮಹಡಿಯ ಕಟ್ಟಡ ಅದು. ಕೆಲವರು ನಿವೃತ್ತಿಯ ಹಣದಲ್ಲಿ ಮನೆ ಕೊಂಡವರು, ಕೆಲವರು ಬೆಂಗಳೂರಿನಲ್ಲಿದ್ದುಕೊಂಡು ಇಲ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟವರು. ಸಂಘದ ಅಧ್ಯಕ್ಷರಿಗೆ ಸಕಲೇಶಪುರದ ಕಡೆ ಕಾಫಿ ತೋಟವಿದೆ. ವಾರದಲ್ಲಿ ಬಹುಪಾಲು ದಿನ ಅವರು ಅಲ್ಲಿಯೇ ಇರುತ್ತಾರೆ, ಸಂಘವನ್ನು ಫೋನಿನಲ್ಲಿ ನಡೆಸುತ್ತಾರೆ. ಎರಡನೆಯ ಮಹಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ಮೇಷ್ಟ್ರು. ಅವರ ತಲೆಯ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರು ಆಸ್ಪತ್ರೆಯೊಂದರ ಸ್ಟಾಫ್ ನರ್ಸ್, ಅವರನ್ನು ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಸಿಸ್ಟರ್ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ನಾಯಿ ಕರಿಯ.

ಮೇಷ್ಟ್ರ ದೂರು, ನಿವಾಸಿಗಳು ದೂರು ದಾಖಲಿಸುವ ಆ್ಯಪಿನಲ್ಲಿ ಬಂದಿತ್ತು. "ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೇಲಿನ ಮನೆಯಲ್ಲಿ ಮಂಚ ಎಳೆದು ದೊಪ್ಪೆಂದು ಹಾಕುತ್ತಾರೆ, ಅದರ ಹಿಂದೆಯೇ ನಾಯಿ ಬೊಗಳುತ್ತದೆ, ಒಂದೇ ರಾತ್ರಿಯಲ್ಲಿ ಹೀಗೆ ಹಲವು ಸಲ" ಎಂದು ಬರೆದು, ತಾರೀಖುಗಳನ್ನು ಪಟ್ಟಿ ಮಾಡಿ, ಶಬ್ದಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳ ಪ್ರತಿಯನ್ನೂ ಲಗತ್ತಿಸಿದ್ದರು. ನಮ್ಮ ಆ್ಯಪಿನಲ್ಲಿ ಸದ್ದಿಗೆಂದು ಪ್ರತ್ಯೇಕ ವಿಭಾಗವಿಲ್ಲ. ಇರುವುದು ಪ್ಲಂಬಿಂಗ್, ಎಲೆಕ್ಟ್ರಿಕಲ್, ಹೌಸ್‌ಕೀಪಿಂಗ್, ಪಾರ್ಕಿಂಗ್, ಪೆಟ್ ನ್ಯೂಸೆನ್ಸ್ (ಸಾಕುಪ್ರಾಣಿಗಳ ಕಾಟ). ಮೇಷ್ಟ್ರು ಕೊನೆಯದನ್ನು ಒತ್ತಿದ್ದರು. ಟಿಕೆಟ್, ಅಂದರೆ ಆ್ಯಪಿನಲ್ಲಿ ದಾಖಲಾದ ದೂರು, ಎರಡು ದಿನದಲ್ಲಿ ಕ್ಲೋಸ್ ಆಗದಿದ್ದರೆ ಕೆಂಪಾಗುತ್ತದೆ, ಕೆಂಪಾದದ್ದು ಅಧ್ಯಕ್ಷರ ಫೋನಿಗೆ ಹೋಗುತ್ತದೆ, ಅಲ್ಲಿಂದ ಅದು ನನ್ನ ಕಿವಿಗೆ ಮರಳಿ ಬರುವಾಗ ಯಾವ ಧ್ವನಿಯಲ್ಲಿರುತ್ತದೆ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು.

ನಾನು ವಿಚಾರಣೆ ಮಾಡಲಿಲ್ಲವೆಂದಲ್ಲ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಮೂರನೆಯ ಮಹಡಿಗೆ ಹೋಗಿ ಬೆಲ್ ಒತ್ತಿದೆ. ಸಿಸ್ಟರ್ ಡ್ಯೂಟಿಗೆ ಹೋಗಿದ್ದರು. ಬಾಗಿಲಿನ ಆಚೆಯಿಂದ ಕರಿಯ ಕಟ್ಟಡವೇ ನಡುಗುವಂತೆ ಬೊಗಳಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ ಎಂದುಕೊಂಡು ಕೆಳಗಿಳಿದೆ. ರಾತ್ರಿಯ ದೂರನ್ನು ಹಗಲು ಪರಿಶೀಲಿಸಿದ್ದೇನೆ, ಬೆಲ್ ಒತ್ತಿದರೆ ಯಾವ ನಾಯಿಯಾದರೂ ಬೊಗಳುತ್ತದೆ ಎಂಬ ಎರಡು ಸರಳ ಸಂಗತಿಗಳು ಆಗ ನನಗೆ ಹೊಳೆಯಲಿಲ್ಲ. "ಏಳು ದಿನಗಳೊಳಗೆ ನಾಯಿಯನ್ನು ಬೇರೆಡೆಗೆ ಸಾಗಿಸತಕ್ಕದ್ದು, ತಪ್ಪಿದಲ್ಲಿ ಸದರಿ ಪ್ರಾಣಿಯೊಂದಿಗೆ ಲಿಫ್ಟ್ ಬಳಸುವುದನ್ನು ನಿಷೇಧಿಸಲಾಗುವುದು" ಎಂದು ನೋಟಿಸ್ ಬರೆದು, ಅಧ್ಯಕ್ಷರಿಂದ ಫೋನಿನಲ್ಲಿ ಒಪ್ಪಿಗೆ ಪಡೆದು, ಬಾಗಿಲಿನ ಸಂದಿಯಲ್ಲಿ ತೂರಿಸಿ, ಟಿಕೆಟ್ ಕ್ಲೋಸ್ ಮಾಡಿದೆ. "ಸದರಿ ಪ್ರಾಣಿ" ಎಂದು ಬರೆದಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಭಾನುವಾರದ ಸಭೆ ಕೆಳಗೆ ಪಾರ್ಕಿಂಗಿನಲ್ಲಿ, ಡಿಜಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಕೊಂಡು ನಡೆಯುತ್ತದೆ. ಸಿಸ್ಟರ್ ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಅಲ್ಲಿಗೇ ಬಂದರು. ಏರು ದನಿಯಲ್ಲಿ ಮಾತನಾಡುತ್ತಾರೆ ಎಂದು ನಾನು ನಿರೀಕ್ಷಿಸಿದ್ದೆ, ಅದಕ್ಕೆ ಉತ್ತರವನ್ನೂ ಸಿದ್ಧಪಡಿಸಿಕೊಂಡಿದ್ದೆ. ಅವರು ನೋಟಿಸನ್ನು ಟೇಬಲ್ಲಿನ ಮೇಲೆ ಹರಡಿ, "ಇದನ್ನು ಬರೆದವರು ಯಾರು ಸರ್?" ಎಂದು ಮೆಲ್ಲಗೆ ಕೇಳಿದರು. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಎಂದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಅವರು ಫೋನಿನಲ್ಲಿ ತೆರೆದು ನನ್ನ ಮುಂದಿಟ್ಟರು. ನಿವಾಸಿಗಳ ಸಂಘ ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುತ್ತದೆ ಎಂಬುದು ಅದಕ್ಕೆ ಕಾರಣವಾಗುವುದಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ರಾತ್ರಿಯ ಹೊತ್ತು ನಾಯಿ ಎಡೆಬಿಡದೆ ಬೊಗಳದಂತೆ ನೋಡಿಕೊಳ್ಳಬೇಕು ಎಂದು ಸಾಕಿದವರಿಗೂ ಅದರಲ್ಲಿ ತಿಳಿವಳಿಕೆ ಇದೆ. ಆ ಭಾಗವನ್ನು ಅವರು ಮುಚ್ಚಿಡದೆ ತಾವಾಗಿಯೇ ಓದಿ ಹೇಳಿದ್ದರಿಂದ ನನ್ನ ಸ್ಥಿತಿ ಇನ್ನಷ್ಟು ಬಿಗಡಾಯಿಸಿತು.

ಅನಂತರ ಅವರು ಡ್ಯೂಟಿ ರೋಸ್ಟರನ್ನು ತೆಗೆದರು. ಮೇಷ್ಟ್ರು ಕೊಟ್ಟ ತಾರೀಖುಗಳಲ್ಲಿ ಹೆಚ್ಚಿನ ರಾತ್ರಿಗಳು ಅವರ ನೈಟ್ ಶಿಫ್ಟಿನವು. "ನಾನು ವಾರ್ಡಿನಲ್ಲಿದ್ದೆ. ಬೀಗ ಹಾಕಿದ ಮನೆಯಲ್ಲಿ ಮಂಚ ಎಳೆದವರು ಯಾರು ಮೇಷ್ಟ್ರೇ?" ಎಂದರು. ಯಾರೂ ಮಾತನಾಡಲಿಲ್ಲ. ಮೇಷ್ಟ್ರು ಪಟ್ಟಿಯನ್ನೂ ರೋಸ್ಟರನ್ನೂ ಕನ್ನಡಕ ಸರಿಪಡಿಸಿಕೊಂಡು ಮೌಲ್ಯಮಾಪನದ ಗಾಂಭೀರ್ಯದಲ್ಲಿ ಹೋಲಿಸಿ ನೋಡಿ, ಕೊನೆಗೆ, "ಹಾಗಾದರೆ ನಾಯಿಯೇ ಮಂಚದಿಂದ ಹಾರುತ್ತಿರಬೇಕು" ಎಂದರು. ಇಬ್ಬರು ನಕ್ಕರು, ಸಿಸ್ಟರ್ ನಗಲಿಲ್ಲ. ನಾನು ನೆಲ ನೋಡುತ್ತ ಕುಳಿತಿದ್ದೆ. ಸಮಿತಿಯ ಪರವಾಗಿ ಬರೆದ ನೋಟಿಸಿಗೆ ಸಮಿತಿಯ ಯಾರೊಬ್ಬರೂ ವಾರಸುದಾರರಾಗಿ ನಿಲ್ಲದ ಆ ಕೆಲವು ನಿಮಿಷಗಳನ್ನು ಮರೆಯುವುದು ಕಷ್ಟ.

ಬಿಡಿಸಿ ಹೇಳಿದವನು ನಮ್ಮ ರಾತ್ರಿ ಪಾಳಿಯ ವಾಚ್‌ಮನ್. ಕುರ್ಚಿಗಳನ್ನು ಎತ್ತಿಡುತ್ತ, "ನೀರು ಬಂದ ರಾತ್ರಿ ಮಾತ್ರ ಬೊಗಳೋದು ಸರ್ ಅದು, ಬೇರೆ ದಿನ ಮಲಗಿರ್ತದೆ" ಎಂದ. ನೀರು ಬಿಟ್ಟ ದಿನ ಅವನು ಗೇಟಿನ ಪುಸ್ತಕದಲ್ಲಿ ವೇಳೆಯನ್ನು ಬರೆದಿಡುತ್ತಾನೆ. ಆ ಪುಸ್ತಕವನ್ನು ಮೇಷ್ಟ್ರ ಪಟ್ಟಿಯ ಪಕ್ಕದಲ್ಲಿಟ್ಟರೆ ತಾರೀಖುಗಳು ಒಂದಕ್ಕೊಂದು ಕೂಡಿಕೊಂಡವು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಕೇಳಲಿಲ್ಲವಲ್ಲ ಎಂದ. ರಾತ್ರಿಯಿಡೀ ಎಚ್ಚರವಾಗಿರುವುದಕ್ಕೆಂದೇ ಸಂಬಳ ಪಡೆಯುವ ಒಬ್ಬನೇ ಒಬ್ಬ ಮನುಷ್ಯನಿಗೆ ಆ್ಯಪಿನಲ್ಲಿ ಲಾಗಿನ್ ಇಲ್ಲ; ತಲೆಗೊಂದು ಲೆಕ್ಕದಲ್ಲಿ ದುಡ್ಡಾಗುತ್ತದೆ ಎಂದು ಸಮಿತಿ ಕೊಡಿಸಿಲ್ಲ.

ಮುಂದಿನ ಸಲ ಹೇಮಾವತಿ ನೀರು ಬಿಟ್ಟ ರಾತ್ರಿ ನಾನು ಮೇಷ್ಟ್ರ ಮನೆಯ ಮಲಗುವ ಕೋಣೆಯಲ್ಲಿ, ಅವರ ಅನುಮತಿ ಪಡೆದು, ದೀಪ ಆರಿಸಿ ಕುಳಿತೆ. ಅವರು ಹಜಾರದಲ್ಲಿ ಕುಳಿತು ಫೋನಿನ ಡೆಸಿಬೆಲ್ ಆ್ಯಪನ್ನು ಹಿಡಿದುಕೊಂಡಿದ್ದರು. ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂಬ ಅಂಕಿಗಳು ಅವರಿಗೆ ಬಾಯಿಪಾಠವಾಗಿದ್ದವು. ಆ ಅಂಕಿಗಳು ಒಂದು ಅವಧಿಯ ಸರಾಸರಿಗೆ ಸಂಬಂಧಿಸಿದವು, ಹೊರಗಿನ ವಾತಾವರಣದ ಶಬ್ದಕ್ಕೆ ಮಾಡಿದ ಮಿತಿಗಳು, ಅಳೆಯುವ ಉಪಕರಣವನ್ನು ಕ್ಯಾಲಿಬ್ರೇಟ್ ಮಾಡಿರಬೇಕು. ಅರೆ ಕ್ಷಣದ ಒಂದು ಬೊಗಳು ಇಡೀ ರಾತ್ರಿಯ ಸರಾಸರಿಯಲ್ಲಿ ಕರಗಿಹೋಗುತ್ತದೆ, ಆದರೆ ಮಲಗಿದವರನ್ನು ಎಬ್ಬಿಸುವುದಕ್ಕೆ ಅಷ್ಟೇ ಸಾಕು. ನಿಯಮದ ಪ್ರಕಾರ ಅಧಿಕಾರಿಗಳಿಗೆ ದೂರು ಕೊಡಬೇಕಾದರೂ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬೇಕು. ಇದನ್ನೆಲ್ಲ ಮೇಷ್ಟ್ರಿಗೆ ಹೇಳಿ ನೋಡಿದೆ. ಅವರು ಫೋನಿನತ್ತ ತೋರಿಸಿ, "ಎಪ್ಪತ್ತು ತೋರಿಸುತ್ತಿದೆ ನೋಡಿ" ಎಂದರು. ಅದು ನಮ್ಮಿಬ್ಬರ ಮಾತಿನ ಸದ್ದು.

ಬಹಳ ಹೊತ್ತು ಏನೂ ಆಗಲಿಲ್ಲ. ಎರಡು ಗಂಟೆಗೆ ಸ್ವಲ್ಪ ಮುಂಚೆ ಕೆಳಗೆ ಮೋಟರ್ ಗುಂಯ್ ಎನ್ನಲು ಶುರುವಾಯಿತು, ಕೆಲವು ನಿಮಿಷಗಳಲ್ಲಿ ನಿಂತಿತು, ನಿಂತ ಕೂಡಲೇ ತಲೆಯ ಮೇಲೆ ದೊಪ್ಪೆಂದು ಸದ್ದಾಯಿತು. ಮಂಚವನ್ನು ಎತ್ತಿ ಹಾಕಿದಂತೆಯೇ ಇತ್ತು. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಆ ಸದ್ದಿಗೆ ಬೆಚ್ಚಿದ ಕರಿಯ ಮೇಲೆ ಬೊಗಳತೊಡಗಿತು. ನಾನು ಗೋಡೆಗೆ ಕಿವಿಯಿಟ್ಟು ಕಾದೆ. ಮತ್ತೆ ಮೋಟರ್, ಮತ್ತೆ ನಿಲುಗಡೆ, ಮತ್ತೆ ದೊಪ್ಪು. ಈ ಸಲ ಅದು ಬಂದದ್ದು ಮೇಲಿನಿಂದಲ್ಲ, ಬಚ್ಚಲಿನ ಪಕ್ಕದಲ್ಲಿ ಪೈಪುಗಳು ಹಾದುಹೋಗುವ ಡಕ್ಟಿನಿಂದ ಎಂಬುದು ಸ್ಪಷ್ಟವಾಯಿತು. ಕಾಂಕ್ರೀಟಿನಲ್ಲಿ ಹರಿಯುವ ಸದ್ದಿಗೆ ದಿಕ್ಕಿರುವುದಿಲ್ಲ. ಗೋಡೆಯಲ್ಲಿ ಹುಟ್ಟಿದ್ದು ಸ್ಲ್ಯಾಬಿಗೆ ಹತ್ತಿ ನೆತ್ತಿಯ ಮೇಲೆ ಕೇಳಿಸುತ್ತದೆ, ಕೇಳಿದವರು ಸಹಜವಾಗಿಯೇ ಮೇಲಿನ ಮನೆಯವರನ್ನು ಬೈಯುತ್ತಾರೆ.

ಆಗುತ್ತಿದ್ದದ್ದು ಇಷ್ಟು. ನಲ್ಲಿಯ ನೀರು ಸಣ್ಣಗೆ ಬರುತ್ತದೆ, ಸಂಪು ಸ್ವಲ್ಪ ತುಂಬಿದೊಡನೆ ಆಟೋ ಲೆವೆಲ್ ಕಂಟ್ರೋಲರ್ ಮೋಟರನ್ನು ಚಾಲೂ ಮಾಡುತ್ತದೆ, ಸಂಪು ಬೇಗ ಇಳಿಯುತ್ತದೆ, ಮೋಟರ್ ನಿಲ್ಲುತ್ತದೆ. ನಿಂತಾಗ ಮೇಲ್ಮುಖವಾಗಿದ್ದ ನೀರಿನ ಕಂಬ ಕೆಳಗೆ ಜಾರಿ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವಾದ ಹಳೆಯ ಎನ್‌ಆರ್‌ವಿಯ ತಟ್ಟೆಯನ್ನು ಬಡಿದು ಮುಚ್ಚುತ್ತದೆ, ಪೈಪನ್ನು ರಬ್ಬರ್ ಇಲ್ಲದೆ ನೇರವಾಗಿ ಗೋಡೆಗೆ ಕ್ಲ್ಯಾಂಪ್ ಮಾಡಿರುವುದರಿಂದ ಆ ಹೊಡೆತ ಇಡೀ ಕಟ್ಟಡಕ್ಕೆ ಸಿಗುತ್ತದೆ. ಸ್ಪ್ರಿಂಗ್ ಇರುವ ಎನ್‌ಆರ್‌ವಿ, ಕ್ಲ್ಯಾಂಪುಗಳಿಗೆ ರಬ್ಬರ್ ಪ್ಯಾಡ್, ರಾತ್ರಿ ಹನ್ನೊಂದರಿಂದ ಐದರವರೆಗೆ ಮೋಟರ್ ಓಡದಂತೆ ಟೈಮರ್, ಅದಕ್ಕೆ ತಕ್ಕಂತೆ ಸಂಜೆಯೇ ಟ್ಯಾಂಕ್ ತುಂಬಿಸುವ ಪದ್ಧತಿ: ಇಷ್ಟಕ್ಕೆ ಮಂಜೂರಾತಿ ಪಡೆಯುವುದಕ್ಕೆ ನಾನು ಪಟ್ಟ ಪಾಡು ಬೇರೆಯೇ ಕಥೆ. ನಾಯಿಗೆ ನೋಟಿಸ್ ಕೊಡಲು ಒಂದೇ ಫೋನಿನಲ್ಲಿ ಒಪ್ಪಿದ್ದ ಸಮಿತಿ, ವಾಲ್ವಿಗೆ ಮಾತ್ರ ಮೂರು ಕೊಟೇಶನ್ ಕೇಳಿತು.

ರಾತ್ರಿಯ ಸದ್ದು ನಿಂತಿತು ಎಂದು ಕರಿಯ ನಿರಪರಾಧಿಯಾಗಲಿಲ್ಲ. ಹಗಲಿನ ಬೊಗಳಾಟ ನಿಜವಾದದ್ದು, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯಿದ್ದಳು, ಅವಳ ತಾಯಿಯ ದೂರಿನಲ್ಲಿ ಅತಿಶಯವಿರಲಿಲ್ಲ. ಈ ಸಲ ನಾನು ಮೊದಲು ಸಿಸ್ಟರ್ ಬಳಿ ಹೋದೆ, ಅವರು ಬಾಗಿಲು ತೆರೆಯುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಬಾಲ್ಕನಿಯಿಂದ ನೋಡಿದರೆ ಗೇಟು ನೇರವಾಗಿ ಕಾಣುತ್ತದೆ. ಅಲ್ಲಿಯೇ, ಗೇಟಿನ ಎದುರಿಗೆ, ನೆಲಮಹಡಿಯವರೊಬ್ಬರು ಬೀದಿನಾಯಿಗಳಿಗೆ ಅನ್ನ ಹಾಕುತ್ತಿದ್ದರು. ಬೀದಿಯ ನಾಯಿಗಳು ಸೇರುವುದು, ಕೊರಿಯರ್ ಹುಡುಗರು ಬರುವುದು, ಸ್ಕೂಟರ್ ನಿಲ್ಲುವುದು ಎಲ್ಲವೂ ಒಂಟಿಯಾಗಿ ಉಳಿದ ಕರಿಯನಿಗೆ ಗ್ರಿಲ್ಲಿನ ಸಂದಿಯಿಂದ ದಿನವಿಡೀ ಕಾಣುತ್ತಿತ್ತು. ಕಟ್ಟಿಹಾಕಿ ಎಂದು ಸಮಿತಿಯವರು ಸಲಹೆ ಕೊಟ್ಟರು. ಕಟ್ಟಿದ ನಾಯಿ ಇನ್ನಷ್ಟು ಬೊಗಳುತ್ತದೆ. ಅದೂ ಅಲ್ಲದೆ ಸದಾ ಸರಪಳಿಯಲ್ಲಿಟ್ಟು ತಿರುಗಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಬೀದಿನಾಯಿಗಳಿಗೆ ಅನ್ನ ಹಾಕುವುದನ್ನೇ ನಿಲ್ಲಿಸಿಬಿಡಿ ಎಂಬುದು ಎರಡನೆಯ ಸಲಹೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ಈ ಹೊತ್ತಿಗೆ ನಾನು ಓದಿಕೊಂಡಿದ್ದೆ. ಜಾಗ ಗೊತ್ತುಮಾಡಿಕೊಡುವ ಹೊಣೆಯನ್ನು ಅವು ಸಂಘದ ಮೇಲೆಯೇ ಹಾಕುತ್ತವೆ, ಆ ಜಾಗ ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಬಂದು ಹೋಗುವ ದಾರಿ ಇವುಗಳಿಂದ ದೂರವಿರಬೇಕು ಎನ್ನುತ್ತವೆ. ಹಿಂಬದಿಯ ಕಾಂಪೌಂಡ್ ಗೋಡೆಯ ಮಗ್ಗುಲಿಗೆ ಅನ್ನದ ಜಾಗ ಸರಿಯಿತು. ಸಿಸ್ಟರ್ ಬಾಲ್ಕನಿಯ ಕೆಳಭಾಗಕ್ಕೆ ಬಿದಿರಿನ ತಟ್ಟಿ ಕಟ್ಟಿಸಿದರು, ಡ್ಯೂಟಿಗೆ ಮುಂಚೆ ನಾಯಿಯನ್ನು ದಣಿಯುವಷ್ಟು ನಡೆಸತೊಡಗಿದರು, ಮಧ್ಯಾಹ್ನ ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗುವುದಕ್ಕೆ ಹೌಸ್‌ಕೀಪಿಂಗಿನ ಹುಡುಗನಿಗೆ ಸ್ವಂತ ಹಣ ಕೊಟ್ಟರು. ಪಾರ್ಸೆಲ್ಲುಗಳನ್ನು ಗೇಟಿನಲ್ಲಿಯೇ ಇಳಿಸಿಕೊಳ್ಳುವಂತೆ ವಾಚ್‌ಮನ್‌ಗೆ ಹೇಳಿದೆ. ಕರಿಯ ಈಗಲೂ ಬೊಗಳುತ್ತದೆ, ಆದರೆ ಅದರ ಬೊಗಳಿಗೆ ಆರಂಭವೂ ಅಂತ್ಯವೂ ಇದೆ.

ಮೇಷ್ಟ್ರ ವಿಷಯದಲ್ಲಿ ಒಂದು ಮಾತು ಉಳಿದಿದೆ. ಅವರ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಸುಪ್ರಭಾತ ಶುರುವಾಗುತ್ತದೆ, ಡಕ್ಟಿನ ಮೂಲಕ ಅದು ಎಲ್ಲ ಮಹಡಿಗಳಿಗೂ ತಲುಪುತ್ತದೆ. ರಾತ್ರಿಯೆಂದರೆ ಆರರವರೆಗೆ ಎಂದು ಅವರು ಲಗತ್ತಿಸಿದ ಪ್ರತಿಯಲ್ಲೇ ಇತ್ತು. ನಾನು ಅದನ್ನು ಎತ್ತಲಿಲ್ಲ. ಸಭೆಯ ನಡಾವಳಿಗೆ ಆ ಪ್ರತಿಯನ್ನು ಅಂಟಿಸುವಾಗ ಆರು ಗಂಟೆ ಎಂಬ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಅವರ ಸಹಿಗೆ ಕಳುಹಿಸಿದೆ. ಸಹಿ ಮಾಡಿ ಕೊಟ್ಟರು, ಏನೂ ಹೇಳಲಿಲ್ಲ, ಮಾರನೆಯ ವಾರದಿಂದ ಸುಪ್ರಭಾತ ಅವರ ದೇವರ ಕೋಣೆಯನ್ನು ದಾಟುತ್ತಿಲ್ಲ.

ಈಗ ನಾನು ಸದ್ದಿನ ದೂರು ಬಂದರೆ ಯಾರ ಮನೆ ಎಂದು ಮೊದಲು ಕೇಳುವುದಿಲ್ಲ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ಕೇಳಿಸಿತು ಎಂದು ಕೇಳುತ್ತೇನೆ. ದೂರಿನ ಹೊತ್ತಿನಲ್ಲಿಯೇ ದೂರುದಾರರ ಮನೆಯಲ್ಲಿ ಕುಳಿತು ಕೇಳದೆ ಕಾಗದ ಬರೆಯುವುದಿಲ್ಲ. ಆ್ಯಪಿನವರಿಗೆ ಸದ್ದಿನ ವಿಭಾಗವೊಂದನ್ನು ಸೇರಿಸಿ ಎಂದು ಬರೆದಿದ್ದೆ, ನಿಮ್ಮ ಸಲಹೆ ನಮಗೆ ಅಮೂಲ್ಯ ಎಂಬ ಉತ್ತರ ಬಂದಿದೆ. ದಾಖಲೆಯಲ್ಲಿ ಆ ವಾಲ್ವಿನ ರಿಪೇರಿ ಇಂದಿಗೂ ಪೆಟ್ ನ್ಯೂಸೆನ್ಸ್ ಖರ್ಚಿನಲ್ಲಿಯೇ ಇದೆ.

ನೋಟಿಸನ್ನು ಬಾಯಿಮಾತಿನಲ್ಲಿ ಹಿಂತೆಗೆದುಕೊಂಡರೆ ಸಾಲದು, ಲಿಖಿತವಾಗಿ ಬೇಕು ಎಂದು ಸಿಸ್ಟರ್ ಪಟ್ಟು ಹಿಡಿದಿದ್ದಾರೆ, ನ್ಯಾಯವಾಗಿಯೇ. ಪತ್ರವನ್ನು "ಸದರಿ ಪ್ರಾಣಿ" ಎಂಬ ಮಾತಿಲ್ಲದೆ ಸಿದ್ಧಪಡಿಸಿ ನನ್ನ ಸಹಿ ಹಾಕಿದ್ದೇನೆ. ಅಧ್ಯಕ್ಷರ ಸಹಿ ಆಗಬೇಕು. ತೋಟದಲ್ಲಿ ಹಣ್ಣು ಕೊಯ್ಲು ಮುಗಿಯಲಿ, ಆಮೇಲೆ ಬರುತ್ತೇನೆ ಎಂದಿದ್ದಾರೆ.