ಹೊರಗೆ ಕಪ್ಪು, ಒಳಗೆ ಹಸಿ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರ ದಾವಣಗೆರೆಯ ನಮ್ಮ ಮನೆ ಹಿತ್ತಲಲ್ಲಿ ಇದ್ದಿಲ ಹೊಗೆ ಎದ್ದರೆ ಸಾಕು, ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. "ಅಣ್ಣ, ನಾವೂ ಮಕ್ಕಳಿಗೆ ಅಂತ ಬಾರ್ಬೆಕ್ಯೂ ಮಾಡ್ತೀವಿ. ಕೋಳಿ ಹೊರಗೆ ಕಪ್ಪಾಗುತ್ತೆ, ಒಳಗೆ ಹಸೀನೇ ಇರುತ್ತೆ. ನಿಮ್ಮದು ಯಾಕೆ ಹಾಗಾಗಲ್ಲ?" ಕೇಳುವವರು ಹೆಚ್ಚಾಗಿ ನನ್ನ ಹಾಗೇ ಅಪ್ಪಂದಿರು. ವಾರಕ್ಕೊಂದು ಹೊತ್ತಾದರೂ ತಾವೇ ಮಾಡಿ ಬಡಿಸಬೇಕು ಅನ್ನುವ ಆಸೆ ಇರುವವರು.

ನನ್ನದೂ ಹಾಗಾಗಿತ್ತು. ಮಗಳ ಹುಟ್ಟುಹಬ್ಬಕ್ಕೆ ಮೊದಲ ಸಲ ಮಾಡಿದಾಗ ಬಣ್ಣ ನೋಡಿ ಬೆಂದಿದೆ ಅಂದುಕೊಂಡು ಬಡಿಸಿಬಿಟ್ಟೆ. ಅವಳ ಗೆಳತಿ ತೊಡೆಯ ತುಂಡು ಮುರಿದಳು. ಮೂಳೆ ಪಕ್ಕದ ಮಾಂಸ ಇನ್ನೂ ತಣ್ಣಗೆ, ಲೋಳೆಲೋಳೆಯಾಗಿ ಮಿರುಗುತ್ತಿತ್ತು. ಎಲ್ಲರ ತಟ್ಟೆಯನ್ನೂ ವಾಪಸ್ ತೆಗೆದುಕೊಂಡೆ. ಅವತ್ತಿನ ಸಂಕಟ ಇನ್ನೂ ನೆನಪಿದೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟೇ: ಉರಿಯಲ್ಲಿ ಬೇಯಿಸಬೇಡಿ, ಕೆಂಡದಲ್ಲಿ ಬೇಯಿಸಿ. ಆ ಕೆಂಡವನ್ನೂ ಒಂದೇ ಕಡೆ ಹಾಕಿ.

ಇದು ನಮಗೆ ಹೊಸದಲ್ಲ, ಅಲ್ವಾ? ಬದನೆಕಾಯಿ ಸುಡುವಾಗ ನಮ್ಮವ್ವ ಒಲೆಯ ಉರಿ ಇಳಿಯುವ ತನಕ ಕೈ ಕಟ್ಟಿ ಕೂರುತ್ತಿದ್ದಳು. ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುವವರೂ ಕೆಂಡವನ್ನೇ ಕಾಯುತ್ತಾರೆ. ನಾವು ಮಾತ್ರ ಇದ್ದಿಲು ಹೊತ್ತಿದ ತಕ್ಷಣ ಕೋಳಿ ಇಟ್ಟುಬಿಡುತ್ತೇವೆ. ಇದ್ದಿಲಿನ ಮೇಲೆ ತೆಳ್ಳಗೆ ಬೂದಿ ಕೂರಬೇಕು, ಅದಕ್ಕೆ 20ರಿಂದ 30 ನಿಮಿಷ ಬೇಕು. ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ, ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಳ್ಳುವಂತಾದರೆ ಕೆಂಡ ಸಿದ್ಧ. ಬೇಗ ಹೊತ್ತಲಿ ಅಂತ ಸೀಮೆಎಣ್ಣೆ ಮಾತ್ರ ಸುರಿಯಬೇಡಿ. ಅಪಾಯ, ಮೇಲಾಗಿ ಆ ವಾಸನೆ ಮಾಂಸಕ್ಕೆ ಹಿಡಿದರೆ ಬಿಡುವುದಿಲ್ಲ.

ಈಗ ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ಖಾಲಿ ಬಿಡಿ. ಕೋಳಿ ಕಾಲುಗಳನ್ನು ಖಾಲಿ ಬದಿಯ ಮೇಲಿಟ್ಟು ಮುಚ್ಚಳ ಮುಚ್ಚಿ. ಚರ್ಮದಿಂದ ಕರಗಿದ ಕೊಬ್ಬು ಚಿಟಚಿಟ ಅಂತ ತೊಟ್ಟಿಕ್ಕುತ್ತದೆ. ಅದು ಕೆಂಡದ ಮೇಲೆ ಬಿದ್ದರೆ ಭಗ್ ಅಂತ ಉರಿ ಎದ್ದು ಚರ್ಮ ಕರಕಲಾಗುತ್ತದೆ. ಖಾಲಿ ಬದಿಯಲ್ಲಿ ಆ ಕಾಟ ಇಲ್ಲ. ಮುಚ್ಚಳದೊಳಗಿನ ಬಿಸಿ ಎಲ್ಲ ಕಡೆಯಿಂದ ನಿಧಾನಕ್ಕೆ ಮೂಳೆ ತನಕ ಇಳಿಯುತ್ತದೆ. ಮುಚ್ಚಳ ತುಂಬಾ ಮುಖ್ಯ. 1952ರಲ್ಲಿ ಅಮೆರಿಕದ ಜಾರ್ಜ್ ಸ್ಟೀಫನ್ ಹಡಗುಗಳಿಗೆ ಗುರುತಾಗಿ ನೀರಲ್ಲಿ ತೇಲಿಬಿಡುವ ಲೋಹದ ಗುಂಡನ್ನು (ಬೋಯೆ) ಅರ್ಧಕ್ಕೆ ಕತ್ತರಿಸಿ ಮುಚ್ಚಳದ ಗ್ರಿಲ್ ಮಾಡಿದ್ದು ಗಾಳಿಯ ಕಾಟಕ್ಕೇ. ನಮ್ಮೂರಿನ ಆಷಾಢದ ಗಾಳಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನದು ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ ಸೀಳಿಸಿ ಮಾಡಿಸಿದ್ದು, ಐದು ವರ್ಷದಿಂದ ಚೆನ್ನಾಗಿದೆ.

ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಯ ಎರಡು ಮೂರು ನಿಮಿಷ ಮಾತ್ರ ಕೆಂಡದ ಮೇಲೆ ತಂದು, ಇಕ್ಕಳದಲ್ಲಿ ಮತ್ತೆ ಮತ್ತೆ ತಿರುವುತ್ತಾ ಬಣ್ಣ ಬರಿಸಿ.

ಬೆಂದಿದೆಯೋ ಇಲ್ಲವೋ ಅನ್ನುವುದನ್ನು ಬಣ್ಣ ನೋಡಿ ತೀರ್ಮಾನಿಸಬೇಡಿ. ಎಳೆ ಕೋಳಿಯಲ್ಲಿ ಪೂರ್ತಿ ಬೆಂದ ಮೇಲೂ ಮೂಳೆ ಪಕ್ಕ ಕೆಂಪು ಉಳಿಯಬಹುದು, ಮಜ್ಜೆಯ ಬಣ್ಣ ಅದು. ಹಾಗೇ ಬಿಳಿ ಕಂಡದ್ದೆಲ್ಲ ಬೆಂದಿರುವುದೂ ಇಲ್ಲ. ಅಡುಗೆಯ ಥರ್ಮಾಮೀಟರ್ ಒಂದು ತಗೊಳ್ಳಿ. ಮೂಳೆಗೆ ತಾಗದ ಹಾಗೆ ದಪ್ಪ ಜಾಗಕ್ಕೆ ಚುಚ್ಚಿ. 74 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು. ಕಾಲು, ತೊಡೆಯನ್ನು ನಾನು 80ರ ತನಕ ಬಿಡುತ್ತೇನೆ, ಆಗ ನಾರು ಮೆತ್ತಗಾಗಿ ಮಾಂಸ ಮೂಳೆ ಬಿಟ್ಟು ಬರುತ್ತದೆ. ಎದೆಯ ತುಂಡನ್ನು ಅಷ್ಟು ಹೊತ್ತು ಬಿಟ್ಟರೆ ಒಣಗಿಹೋಗುತ್ತದೆ.

ಮಸಾಲೆ ನಿಮ್ಮ ಇಷ್ಟ. ನಾನು ಮೊಸರು, ಬ್ಯಾಡಗಿ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಉಪ್ಪು ಕಲಸಿ ರಾತ್ರಿಯೇ ಫ್ರಿಜ್‌ನಲ್ಲಿ ಇಡುತ್ತೇನೆ. ಸುಡುವ ಮುಂಚೆ ಜಾಸ್ತಿ ಮೆತ್ತಿದ್ದನ್ನು ಒರೆಸಿ, ಮೊದಲು ಕರಕಲಾಗುವುದು ಅದೇ. ಹಸಿ ಮಾಂಸ ನೆನೆಸಿದ ಮಸಾಲೆಯನ್ನು ಬೆಂದ ಮೇಲೆ ಸವರಬೇಡಿ, ಬೆಣ್ಣೆ ಸವರಿ. ದಾವಣಗೆರೆಯಲ್ಲಿ ಬೆಣ್ಣೆಗೇನು ಬರ!

ಮಳೆ ಬಂತು ಅಂತ ಕೆಂಡದ ಡಬ್ಬವನ್ನು ಮನೆಯೊಳಗೆ ಎಳೆದುಕೊಳ್ಳಬೇಡಿ, ಬಾಗಿಲು ಮುಚ್ಚಿದ ಗ್ಯಾರೇಜಿಗೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದು ಜೀವ ತೆಗೆಯುತ್ತದೆ.

ಪಕ್ಕದ ಮನೆಯವರು ಮಾಂಸ ಮುಟ್ಟುವುದಿಲ್ಲ. ಅವರಿಗೆ ಅಂತ ಬೇರೆ ಜಾಲರಿ, ಬೇರೆ ಇಕ್ಕಳ ಇಟ್ಟಿದ್ದೇನೆ. ಅವರು ಬರುವ ದಿನ ಮೊದಲು ಅವರ ಸರದಿ, ಆಮೇಲೆ ಕೋಳಿ. ಹೊಸ ಮೆಕ್ಕೆಜೋಳ ಬರುವ ಕಾಲದಲ್ಲಿ ಸಿಪ್ಪೆ ಸಮೇತ ತೆನೆಗಳನ್ನು ಖಾಲಿ ಬದಿಯಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ಸುಲಿದು ಕೆಂಡದ ಮೇಲೆ ಒಂದು ಸುತ್ತು ತಿರುವಿ, ಉಪ್ಪು, ಖಾರ, ನಿಂಬೆಹಣ್ಣು ಉಜ್ಜಿ ಕೊಡುತ್ತೇನೆ. ಅಷ್ಟರಲ್ಲಿ ಮಗಳು ಥರ್ಮಾಮೀಟರ್ ತೊಳೆದುಕೊಂಡು ಬಂದು ನಿಂತಿರುತ್ತಾಳೆ. ಚುಚ್ಚಿ ನೋಡುವ ಕೆಲಸ ಈಗ ಅವಳದು.