ಹತ್ತು ನಿಮಿಷ

ಬೆಳಿಗ್ಗೆ ಹಾಲು ಉಕ್ಕಿತು. ತಪ್ಪು ನನ್ನದಲ್ಲ, ಸ್ಟೆಫನಿ ವಾನ್ ಡೆರ್ ಗ್ರಾಖ್ಟ್‌ದು.

ಒಲೆ ಮುಂದೆ ನಿಂತು ಫೋನಲ್ಲಿ ಹಳೇ ಮ್ಯಾಚ್ ನೋಡ್ತಿದ್ದೆ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್, ವೆಲ್ಲಿಂಗ್ಟನ್, ನೆದರ್ಲೆಂಡ್ಸ್–ಸ್ಪೇನ್. ಸ್ಟೆಫನಿ ನೆದರ್ಲೆಂಡ್ಸ್ ತಂಡದ ಡಿಫೆಂಡರ್. ಈ ಟೂರ್ನಿ ಮುಗಿದ್ಮೇಲೆ ಬೂಟು ಬಿಚ್ಚಿಡ್ತೀನಿ ಅಂತ ಅವಳು ಮೊದಲೇ ಹೇಳಿಯಾಗಿತ್ತು.

ಚೆಂಡು ಅವಳ ಕೈಗೆ ತಾಗಿತು. ಪೆನಾಲ್ಟಿ. 81ನೇ ನಿಮಿಷಕ್ಕೆ ಸ್ಪೇನ್ ಮುಂದೆ.

2019ರ ಫೈನಲ್‌ನಲ್ಲೂ ಅಮೆರಿಕಕ್ಕೆ ಪೆನಾಲ್ಟಿ ಸಿಕ್ಕಿದ್ದು ಇವಳ ಫೌಲ್‌ನಿಂದಲೇ. ಡಿಫೆಂಡರ್ ಹಣೆಬರಹ ನೋಡಿ! 2017ರಲ್ಲಿ ಯೂರೋ, ಅಂದ್ರೆ ಯುರೋಪಿನ ಚಾಂಪಿಯನ್‌ಷಿಪ್, ಗೆದ್ದ ತಂಡದಲ್ಲಿದ್ದವಳು, ಆದ್ರೆ ಜನರಿಗೆ ನೆನಪಿರೋದು ಪೆನಾಲ್ಟಿ.

ಆಮೇಲೆ 91ನೇ ನಿಮಿಷ. ಹಿಂದೆ ನಿಂತು ಎದುರಾಳಿಗಳನ್ನ ತಡೀಬೇಕಾದವಳು ಎದುರಾಳಿ ಬಾಕ್ಸೊಳಗೆ ಓಡ್ತಿದ್ದಾಳೆ. ಯಾರು ಕಳಿಸಿದ್ರೋ, ತಾನೇ ಹೋದಳೋ. ಪಾಸ್ ಬಂತು, ಅಡ್ಡಕ್ಕೆ ಒಂದೇ ಏಟು. 1-1.

ಆ ಹತ್ತು ನಿಮಿಷ ಅವಳ ತಲೆಯಲ್ಲಿ ಏನು ಓಡ್ತಿತ್ತೋ ಅಂತಲೇ ನಾನು ನಿಂತಿದ್ದೆ.

ಹೆಚ್ಚುವರಿ ಸಮಯದಲ್ಲಿ, 111ನೇ ನಿಮಿಷಕ್ಕೆ, ಸ್ಪೇನ್‌ನ ಪರಾಲ್ಯುಯೆಲೊ ಗೋಲು ಹೊಡೆದಳು, ಕಥೆ ಮುಗೀತು. ಅದೇ ಸ್ಟೆಫನಿಯ ಕೊನೇ ಮ್ಯಾಚ್.

ಅಷ್ಟೊತ್ತಿಗೆ ಹಾಲು ಕಟ್ಟೆ ದಾಟಿತ್ತು. ಕಾಫಿ ಇಲ್ಲ ಇವತ್ತು, ಕಪ್ಪು ಚಹಾನೇ.