ಇಕಾಲುಯಿಟ್‌ನಲ್ಲಿ ಸರ್ಕಾರಿ ಅಧಿಕಾರಿಗಳಿಗೆ ಪಾಠ

ಕೆನಡಾದ ರಾಜಧಾನಿ ಒಟ್ಟಾವಾದಿಂದ, ದೇಶದ ಉತ್ತರದ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್‌ಗೆ ಸುಮಾರು ಮೂರು ಗಂಟೆಯ ವಿಮಾನ. ರಸ್ತೆ ಇಲ್ಲ. ನುನಾವುಟ್‌ನಲ್ಲಿ ಒಟ್ಟು 25 ಊರುಗಳಿವೆ, ಒಂದರಿಂದ ಇನ್ನೊಂದಕ್ಕೂ ರಸ್ತೆ ಇಲ್ಲ. ಇದನ್ನೆಲ್ಲ ಕಡತಗಳಲ್ಲಿ ಓದಿದ್ದೆವು. ಆದರೆ ಮಾರ್ಚ್ ತಿಂಗಳಲ್ಲಿ ಕಿಟಕಿಯಿಂದ ಕೆಳಗೆ ನೋಡುತ್ತಾ ಕೂತು, ಎಷ್ಟು ಹೊತ್ತಾದರೂ ಬರೀ ಹಿಮವೇ ಕಂಡಾಗ ಆ ಮಾತು ನಿಜವಾಗಿ ತಲೆಗೆ ಹೋಗುತ್ತದೆ.

ನಾನು ಕೆಲಸ ಮಾಡುವುದು ಕೆನಡಾದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ. ನಮ್ಮ ತಂಡ ಅಲ್ಲಿಗೆ ಹೋಗಿದ್ದು ಕಲಿಯುವುದಕ್ಕೆ. ಕಲಿಸುವವರು ಈ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನ. ಮೊದಲು ಒಬ್ಬ ಅಜ್ಜಿ ಬಂದು ಕುಲ್ಲಿಕ್ ಹಚ್ಚಿದರು. ಅರ್ಧಚಂದ್ರದ ಆಕಾರದ ಕಲ್ಲಿನ ದೀಪ ಅದು, ಹಿಂದೆ ಸೀಲ್ ಕೊಬ್ಬಿನ ಎಣ್ಣೆಯಲ್ಲಿ ಉರಿಸುತ್ತಿದ್ದರು, ಮನೆಗೆ ಬೆಳಕು, ಬಿಸಿ, ಅಡುಗೆ ಎಲ್ಲಾ ಅದರಿಂದಲೇ. ಅಜ್ಜಿ ಅವಸರ ಮಾಡಲಿಲ್ಲ. ಬತ್ತಿ ಸಮವಾಗಿ ಹತ್ತುವವರೆಗೂ ನಾವು ಸುಮ್ನೆ ಕೂತಿದ್ದೆವು.

ಆಮೇಲೆ ನಮ್ಮ ಕಚೇರಿಗಳ ಮಾತು ಬಂತು. ಕೆನಡಾದ 'ಇಂಡಿಯನ್ ಆ್ಯಕ್ಟ್', ಅಂದರೆ ಫಸ್ಟ್ ನೇಷನ್ಸ್ ಎಂಬ ಬೇರೆ ಮೂಲನಿವಾಸಿಗಳಿಗೂ ಅವರ ಮೀಸಲು ಪ್ರದೇಶಗಳಿಗೂ ಸಂಬಂಧಿಸಿದ ಕಾನೂನು, ಇನುಯಿಟ್ ಜನಕ್ಕೆ ಅನ್ವಯಿಸುವುದಿಲ್ಲ. ಇನುಯಿಟ್ ಜನ ಕೇಂದ್ರದ ಹೊಣೆ ಎಂದು 1939ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಅವರಿಗೆ ಮೀಸಲು ಪ್ರದೇಶಗಳಿಲ್ಲ. ಹಾಗಾಗಿ ಮೀಸಲು ಪ್ರದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆಗೆ 'ಎಲ್ಲ ಮೂಲನಿವಾಸಿಗಳಿಗೆ' ಅಂತ ಹೆಸರಿಟ್ಟರೆ, ಇವರ ಪಾಲಿಗೆ ಅದು ಬರೀ ಹೆಸರು. 2021ರ ಜನಗಣತಿಯಲ್ಲಿ ಕೆನಡಾದ ಇನುಯಿಟ್ ಜನ ಸುಮಾರು 70,000. ಅವರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಮಂದಿ ಇರುವುದು ಇನುಯಿಟ್ ನುನಂಗಾಟ್‌ನ 51 ಊರುಗಳಲ್ಲಿ. ಇನುವಿಯಾಲುಯಿಟ್, ನುನಾವುಟ್, ನುನಾವಿಕ್, ನುನಾತ್ಸಿಯಾವುಟ್ ಎಂಬ ನಾಲ್ಕು ಪ್ರಾಂತಗಳು ಸೇರಿದ ತಾಯ್ನಾಡು ಅದು. ಯೋಜನೆ ರೂಪಿಸುವಾಗಲೇ ಈ ಇಡೀ ನಾಡನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಕೇಂದ್ರದ ನೀತಿ ಬಂದಿದ್ದು 2022ರಲ್ಲಿ. ತುಂಬಾ ತಡ ಅಲ್ವಾ?

ನನಗೆ ಅತಿ ಮುಖ್ಯ ಅನಿಸಿದ್ದು ಹಡಗಿನ ವಿಷಯ. ಮನೆ ಕಟ್ಟುವ ಮರ, ಯಂತ್ರ, ಗಾಡಿ, ವರ್ಷಕ್ಕೆ ಬೇಕಾದ ಡೀಸೆಲ್, ಇಂಥ ಭಾರದ ಸಾಮಾನೆಲ್ಲ ಹಡಗಿನಲ್ಲೇ ಬರಬೇಕು. ಸಮುದ್ರದ ಮಂಜುಗಡ್ಡೆ ಕರಗಿ ದಾರಿ ಬಿಡುವುದು ಸುಮಾರು ಜುಲೈಯಿಂದ ಅಕ್ಟೋಬರ್‌ವರೆಗೆ ಮಾತ್ರ. ನಮ್ಮ ಹಣಕಾಸು ವರ್ಷವೋ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿತು. ಅರ್ಜಿ, ಪರಿಶೀಲನೆ, ಸಹಿ ಎಲ್ಲಾ ಮುಗಿದು ಸೆಪ್ಟೆಂಬರ್‌ನಲ್ಲಿ ಹಣ ಮಂಜೂರಾದರೆ, ಸಾಮಾನು ಕೊಂಡು ಮಾಂಟ್ರಿಯಲ್ ಹತ್ತಿರದ ಬಂದರಿಗೆ ಸಾಗಿಸುವ ಹೊತ್ತಿಗೆ ಕೊನೆಯ ಹಡಗು ಹೊರಟುಹೋಗಿರುತ್ತದೆ. ಮುಂದಿನ ಬೇಸಿಗೆಯವರೆಗೆ ಕಾಯಬೇಕು, ಅಷ್ಟರಲ್ಲಿ ಮಾರ್ಚ್ ದಾಟಿ ಹಣವನ್ನೇ ವಾಪಸ್ ಕೊಡು ಅಂತಾರೆ. ತಪ್ಪು ಕಟ್ಟುವವರದ್ದಲ್ಲ, ನಮ್ಮ ಕ್ಯಾಲೆಂಡರಿನದು. ಮನೆಗಳ ಕೊರತೆ ಇಲ್ಲಿ ಎಷ್ಟಿದೆಯೆಂದರೆ ಒಂದೇ ಮನೆಯಲ್ಲಿ ಮೂರು ತಲೆಮಾರು ಇಕ್ಕಟ್ಟಿನಲ್ಲಿ ಇರುತ್ತಾರೆ, ಕ್ಷಯ ಇನ್ನೂ ಹೋಗದಿರುವುದಕ್ಕೆ ಈ ಇಕ್ಕಟ್ಟೂ ಒಂದು ಕಾರಣ. 2030ರೊಳಗೆ ಕ್ಷಯವನ್ನು ತೊಲಗಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿದೆ.

ಕ್ಷಯ ಅಂದ ಕೂಡಲೇ ಕೋಣೆಯಲ್ಲಿ ಮಾತು ನಿಂತಿತು. 1950ರ ದಶಕದಲ್ಲಿ ಸರ್ಕಾರಿ ಹಡಗು ಬಂದು ಎಕ್ಸ್‌ರೇ ತೆಗೆದು, ರೋಗ ಕಂಡವರನ್ನು ದಕ್ಷಿಣದ ಆಸ್ಪತ್ರೆಗಳಿಗೆ ಒಯ್ಯುತ್ತಿತ್ತು. ಎಷ್ಟೋ ಜನ ಮರಳಲಿಲ್ಲ, ಸತ್ತವರನ್ನು ಎಲ್ಲಿ ಹೂತರು ಅಂತಲೂ ಮನೆಯವರಿಗೆ ತಿಳಿಸಲಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಟ್ರುಡೊ ಇದೇ ಊರಿಗೆ ಬಂದು ಕ್ಷಮೆ ಕೇಳಿದರು. ಈ ಕಥೆ ಗೊತ್ತಿಲ್ಲದ ಅಧಿಕಾರಿ ಇಲ್ಲಿ ಬಂದು ತಪಾಸಣೆಗೆ ಜನ ಯಾಕೆ ಹಿಂಜರಿಯುತ್ತಾರೆ ಅಂತ ಕೇಳಬಾರದು.

ಮಧ್ಯಾಹ್ನ ಬಿಡುವಿನಲ್ಲಿ ಊರು ಸುತ್ತಿದೆ, ಚಳಿ ಮೂಗಿನೊಳಗೆ ಕಚ್ಚುತ್ತಿತ್ತು. ಮಂಜುಗಟ್ಟಿದ ನೆಲದ ಮೇಲೆ ಕಂಬ ನೆಟ್ಟು ಎತ್ತರಿಸಿ ಕಟ್ಟಿದ ಮನೆಗಳು, ಮನೆಮನೆಗೆ ನೀರು ತುಂಬುವ ಲಾರಿಗಳು. ಬೋರ್ಡುಗಳ ಮೇಲಿನ, ಇನುಯಿಟ್ ಜನರ ಭಾಷೆಯಾದ ಇನುಕ್ಟಿಟುಟ್‌ನ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ನಮ್ಮ ಕಾಗುಣಿತದ ಹಾಗೆಯೇ ಒಂದು ವ್ಯಂಜನಕ್ಕೆ ಒಂದು ಆಕಾರ, ಅದನ್ನು ತಿರುಗಿಸಿ ಬರೆದರೆ ಸ್ವರ ಬದಲು, ದೀರ್ಘಕ್ಕೆ ಮೇಲೊಂದು ಚುಕ್ಕಿ.

ಸಂಜೆಯ ಪಾಠ ನೌಕರಿಯದು. ನುನಾವುಟ್ ಜನರಲ್ಲಿ ಸುಮಾರು 85% ಇನುಯಿಟ್. ಸರ್ಕಾರಿ ಕೆಲಸಗಳಲ್ಲೂ ಅದೇ ಪ್ರಮಾಣ ಇರಬೇಕು ಎಂದು ಇನುಯಿಟ್ ಜನ ಮತ್ತು ಸರ್ಕಾರದ ನಡುವೆ ಆದ 1993ರ ನುನಾವುಟ್ ಭೂಹಕ್ಕು ಒಪ್ಪಂದದ 23ನೇ ವಿಧಿ ಹೇಳುತ್ತದೆ. ಅದು ಇನ್ನೂ ಬಹಳ ದೂರದ ಮಾತು. ನಮ್ಮಂಥವರಿಗೆ ಪಾಠ ಹೇಳುವುದಕ್ಕಿಂತ ನಮ್ಮ ಕುರ್ಚಿಗಳಲ್ಲಿ ಅವರೇ ಕೂರುವುದು ಮುಖ್ಯ ಎಂದು ಅಲ್ಲಿನವರು ನೇರವಾಗಿ ಹೇಳಿದರು. ನಾನೂ ಒಪ್ಪುತ್ತೇನೆ.

ವಾಪಸ್ ಬರುವಾಗ ವಿಮಾನದಲ್ಲೇ ನಾವು ಅರ್ಜಿ ನಮೂನೆಯ ತಿದ್ದುಪಡಿ ಬರೆಯತೊಡಗಿದೆವು. ಉತ್ತರ ಭಾಗದ ಯೋಜನೆಗಳಿಗೆ ಹಣವನ್ನು ಚಳಿಗಾಲದಲ್ಲೇ ಮಂಜೂರು ಮಾಡಬೇಕು, ಖರ್ಚಿಗೆ ಒಂದಕ್ಕಿಂತ ಹೆಚ್ಚು ವರ್ಷ ಕೊಡಬೇಕು. ಕರಡು ಮೇಲಿನವರ ಒಪ್ಪಿಗೆಗೆ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ.